ಕೆರೆಯೂ ಗದ್ದೆಯೂ: ಜೀವಿಗಳ ಮನೆವಾರ್ತೆ

ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಉದ್ದೇಶಿಸಿದ ಉಪನ್ಯಾಸ



ಬೇಸಾಯವೆಂದರೆ ಉಳುವುದು, ಬಿತ್ತುವುದು, ಕೊಯ್ಯುವುದು ಇಷ್ಟೇ ಎಂದು ಹೊರಗಿನವರು ಭಾವಿಸುವುದುಂಟು. ಭೂಮಿಯನ್ನು ನಂಬಿ ಬಾಳುವವರಿಗೆ ಅದು ಹಾಗಲ್ಲವೆಂಬುದು ಚೆನ್ನಾಗಿ ತಿಳಿದಿದೆ. ಗದ್ದೆಯಲ್ಲಿ ಬೆಳೆಯುವುದು ಬತ್ತವೊಂದೇ ಅಲ್ಲ. ಅಲ್ಲಿ ಕಳೆಯುಂಟು, ಹುಳುವುಂಟು, ಹುಳುವನ್ನು ತಿನ್ನುವ ಜೇಡವೂ ಕಪ್ಪೆಯೂ ಉಂಟು, ಕಪ್ಪೆಯನ್ನು ಹಿಡಿಯುವ ಹಾವುಂಟು, ಬದುವಿನಲ್ಲಿ ಇಲಿಯುಂಟು. ಮಣ್ಣಿನೊಳಗೆ ಎರೆಹುಳುವೂ ಕಣ್ಣಿಗೆ ಕಾಣದ ಅಸಂಖ್ಯಾತ ಸೂಕ್ಷ್ಮಜೀವಿಗಳೂ ಉಂಟು. ಇವೆಲ್ಲವೂ ಒಂದೇ ನೀರನ್ನುಂಡು, ಒಂದೇ ನೆಲವನ್ನಾಶ್ರಯಿಸಿ, ಒಂದರಿಂದೊಂದು ಬದುಕುತ್ತಿರುವುವು. ಇವುಗಳಲ್ಲಿ ಯಾವುದು ರೈತನಿಗೆ ಮಿತ್ರ, ಯಾವುದು ಶತ್ರು, ಒಂದನ್ನು ತೆಗೆದರೆ ಉಳಿದುವಕ್ಕೆ ಏನಾಗುವುದು ಎಂಬುದನ್ನು ಅರಿಯದೆ ಮಾಡಿದ ಕೆಲಸದಿಂದ ಲಾಭಕ್ಕೆ ಬದಲಾಗಿ ನಷ್ಟವೇ ಒದಗಿದ ನಿದರ್ಶನಗಳು ಅನೇಕವಾಗಿವೆ.

ಜೀವಿಗಳಿಗೆ ತಮ್ಮತಮ್ಮೊಳಗೂ, ತಮ್ಮ ಸುತ್ತಣ ನೆಲ ಜಲ ಗಾಳಿ ಬೆಳಕುಗಳೊಡನೆಯೂ ಇರುವ ಸಂಬಂಧವನ್ನು ವಿಚಾರಮಾಡುವ ಶಾಸ್ತ್ರಕ್ಕೆ ಪರಿಸರ ವಿಜ್ಞಾನವೆಂದು ಹೆಸರು. ಜರ್ಮನಿಯ ಜೀವಶಾಸ್ತ್ರಜ್ಞನಾದ ಎರ್ನ್ಸ್ಟ್ ಹೆಕೆಲನು 1866ರಲ್ಲಿ ಈ ಶಾಸ್ತ್ರಕ್ಕೆ ಇಕಾಲಜಿ ಎಂದು ನಾಮಕರಣಮಾಡಿದನು. ಗ್ರೀಕ್ ಭಾಷೆಯಲ್ಲಿ ಮನೆ ಎಂಬ ಅರ್ಥವುಳ್ಳ ಶಬ್ದವೇ ಅದರ ಮೂಲ. ಆದುದರಿಂದ ಇದನ್ನು ಜೀವಿಗಳ ಮನೆವಾರ್ತೆಯ ಶಾಸ್ತ್ರವೆಂದರೆ ತಪ್ಪಾಗದು. ಮನೆವಾರ್ತೆಯಲ್ಲಿ ಆದಾಯ, ವೆಚ್ಚ, ಉಳಿತಾಯಗಳು ಹೇಗೋ, ಇಲ್ಲಿಯೂ ಹಾಗೆಯೇ. ಈ ಶಾಸ್ತ್ರದ ಮುಖ್ಯ ಪದಗಳನ್ನು ಎಲ್ಲರೂ ಬಲ್ಲ ಕೆರೆ ಮತ್ತು ಅದರ ಕೆಳಗಣ ಗದ್ದೆಯ ದೃಷ್ಟಾಂತದಿಂದ ಇಲ್ಲಿ ವಿವರಿಸಲಾಗುವುದು.

1. ಜೀವಿಗಳ ವ್ಯವಸ್ಥೆಯ ಮೆಟ್ಟಿಲುಗಳು

ಗ್ರಾಮದ ವ್ಯವಸ್ಥೆಯಲ್ಲಿ ಒಬ್ಬ ಮನುಷ್ಯ, ಒಂದು ಕುಲ, ಒಂದು ಊರು, ಒಂದು ಹೋಬಳಿ ಎಂದು ಮೆಟ್ಟಿಲುಗಳಿರುವಂತೆ ಜೀವಿಗಳಲ್ಲಿಯೂ ಮೆಟ್ಟಿಲುಗಳಿವೆ.

ಮೊದಲನೆಯದು ಬಿಡಿ ಜೀವಿ. ಕೆರೆಯ ಅಂಚಿನಲ್ಲಿ ಕುಳಿತ ಒಂದು ಕಪ್ಪೆ ಇದಕ್ಕೆ ಉದಾಹರಣೆ. ಆ ಕೆರೆಯಲ್ಲಿರುವ ಅದೇ ಜಾತಿಯ ಕಪ್ಪೆಗಳೆಲ್ಲ ಸೇರಿದರೆ ಅದು ಎರಡನೆಯ ಮೆಟ್ಟಿಲು, ಇದಕ್ಕೆ ಜೀವಿಸಮೂಹವೆನ್ನಬಹುದು. ಹುಟ್ಟು, ಸಾವು, ಒಳಬರುವುದು, ಹೊರಹೋಗುವುದು ಎಂಬ ನಾಲ್ಕರಿಂದ ಈ ಸಮೂಹದ ಸಂಖ್ಯೆಯು ಏರುತ್ತಲೂ ಇಳಿಯುತ್ತಲೂ ಇರುವುದು. ಕಪ್ಪೆ, ಮೀನು, ಹಾವು, ಬೆಳ್ಳಕ್ಕಿ, ಜೊಂಡು, ತಾವರೆ, ಪಾಚಿ, ಸೂಕ್ಷ್ಮಜೀವಿ ಎಲ್ಲವೂ ಕೂಡಿದರೆ ಅದು ಮೂರನೆಯ ಮೆಟ್ಟಿಲಾದ ಜೀವಿಸಮುದಾಯ. ಈ ಸಮುದಾಯವನ್ನು ಅದರ ಆಧಾರವಾದ ನೀರು, ಕೆಸರು, ಬಿಸಿಲು, ಗಾಳಿ, ಲವಣಗಳೊಡನೆ ಕೂಡಿಸಿ ಒಂದೇ ಘಟಕವಾಗಿ ನೋಡಿದಾಗ ಅದು ಪರಿಸರ ವ್ಯವಸ್ಥೆಯೆನಿಸುವುದು. ಜೀವಿಗಳನ್ನು ಅವು ನಿಂತ ನೆಲದಿಂದ ಬೇರ್ಪಡಿಸಿ ನೋಡಬಾರದೆಂದು ವಾದಿಸಿ, ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞನಾದ ಆರ್ಥರ್ ಟ್ಯಾನ್ಸ್ಲಿಯು 1935ರಲ್ಲಿ ಈ ಭಾವನೆಯನ್ನು ಬಳಕೆಗೆ ತಂದನು.

ಇದರ ಮೇಲೆಯೂ ಮೆಟ್ಟಿಲುಗಳುಂಟು. ಮೈಸೂರು ಸೀಮೆಯ ಹಳೆಯ ಕೆರೆಗಳು ಬಹುಮಟ್ಟಿಗೆ ಒಂಟಿಯಾಗಿ ಕಟ್ಟಿದುವಲ್ಲ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಹಳ್ಳದಲ್ಲಿ ಹರಿದು ಕೆಳಗಿನ ಕೆರೆಗೆ ಸೇರುವಂತೆ ಸಾಲಾಗಿ ಕಟ್ಟಿದುವು. ಹೀಗೆ ಒಂದು ಹಳ್ಳದ ಕೆರೆಗಳೂ, ಅವುಗಳ ಅಚ್ಚುಕಟ್ಟುಗಳೂ, ನಡುವಣ ಹುಲ್ಲುಗಾವಲು ಗುಂಡುತೋಪುಗಳೂ ಸೇರಿ ಒಂದು ದೊಡ್ಡ ಕೂಟವಾಗುವುವು. ಇಂತಹ ಎಲ್ಲ ಕೂಟಗಳನ್ನೂ ಒಳಗೊಂಡು, ಭೂಮಿಯ ಮೇಲೆ ಜೀವವಿರುವ ಸಮಸ್ತ ಭಾಗಕ್ಕೆ ಜೀವಗೋಳವೆಂದು ಹೆಸರು. ಮೇಲೂರಿನವರು ಕಾಲುವೆಯನ್ನು ಒತ್ತುವರಿಮಾಡಿದರೆ ಕೆಳಊರಿನವರ ಬಾವಿ ಬತ್ತುವುದೇಕೆಂಬುದು ಈ ಮೆಟ್ಟಿಲುಗಳನ್ನು ಅರಿತವರಿಗೆ ಸುಲಭವಾಗಿ ವಿಶದವಾಗುವುದು.

2. ವಾಸಸ್ಥಾನವೂ ವೃತ್ತಿಯೂ

ಯಾವುದೇ ಜೀವಿಯ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕು. ಅದು ಎಲ್ಲಿ ಇರುವುದು? ಅಲ್ಲಿ ಏನು ಮಾಡುವುದು? ಮೊದಲನೆಯದಕ್ಕೆ ಉತ್ತರ ವಾಸಸ್ಥಾನ. ಎರಡನೆಯದಕ್ಕೆ ಉತ್ತರ ಆ ಜೀವಿಯ ವೃತ್ತಿ. ಹಿಂದಿನ ಗ್ರಾಮಗಳಲ್ಲಿ ತಳವಾರ, ನೀರಗಂಟಿ, ಬಡಗಿ, ಕಮ್ಮಾರ ಮೊದಲಾದ ಆಯಗಾರರು ಒಂದೇ ಊರಿನಲ್ಲಿದ್ದರೂ ಒಬ್ಬರ ಕೆಲಸ ಒಬ್ಬರದಾಗಿರಲಿಲ್ಲ. ಅದರಂತೆಯೇ ಬೆಳ್ಳಕ್ಕಿಯೂ ಮಿಂಚುಳ್ಳಿಯೂ ನೀರುಕಾಗೆಯೂ ಒಂದೇ ಕೆರೆಯಲ್ಲಿದ್ದರೂ, ಬೆಳ್ಳಕ್ಕಿಯು ಅಂಚಿನ ಆಳವಿಲ್ಲದ ನೀರಿನಲ್ಲಿ ನಡೆದು ಹುಡುಕುವುದು. ಮಿಂಚುಳ್ಳಿಯು ಮೇಲಿನಿಂದೆರಗಿ ಸಣ್ಣ ಮೀನನ್ನು ಹಿಡಿಯುವುದು. ನೀರುಕಾಗೆಯು ಮುಳುಗಿ ಬೆನ್ನಟ್ಟುವುದು. ಹೀಗೆ ವೃತ್ತಿಯು ಬೇರೆಬೇರೆಯಾಗಿರುವುದರಿಂದಲೇ ಅವು ಒಂದೇ ನೀರಿನಲ್ಲಿ ಬಾಳಲು ಸಾಧ್ಯವಾಗಿದೆ. ಎರಡು ಜಾತಿಗಳ ವೃತ್ತಿಯು ಪೂರ್ತಿಯಾಗಿ ಒಂದೇ ಆದರೆ ಅವುಗಳೊಳಗೆ ಸ್ಪರ್ಧೆ ಉಂಟಾಗಿ ಕಾಲಕ್ರಮದಲ್ಲಿ ಒಂದು ಹಿಂದೆ ಸರಿಯಬೇಕಾಗುವುದು. ಬತ್ತಕ್ಕೂ ಕಳೆಗೂ ಇರುವ ಹೋರಾಟವು ಇದೇ.

3. ನಿರ್ಜೀವ ಆಧಾರಗಳೂ ಕೊರತೆಯ ನಿಯಮವೂ

ಬೆಳಕು, ಶಾಖ, ನೀರು, ಗಾಳಿ, ಮಣ್ಣು ಇವು ನಿರ್ಜೀವ ಆಧಾರಗಳು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಚಳ್ಳಕೆರೆಯ ಕಡೆ ಸುಮಾರು 500 ಮಿಲಿಮೀಟರು ಇಲ್ಲವೆ ಅದಕ್ಕೂ ಕಡಮೆ. ಒಂದು ಕಡೆ ನಿತ್ಯಹರಿದ್ವರ್ಣದ ಕಾಡು, ಮತ್ತೊಂದು ಕಡೆ ಜಾಲಿಯೂ ಹುಲ್ಲೂ ಇರುವುದಕ್ಕೆ ಮುಖ್ಯ ಕಾರಣ ಇದೇ.

ಆಧಾರಗಳೆಲ್ಲವೂ ಸಮೃದ್ಧವಾಗಿದ್ದು ಒಂದು ಮಾತ್ರ ಕೊರತೆಯಾದರೆ ಬೆಳೆಯು ಆ ಕೊರತೆಗೆ ತಕ್ಕಷ್ಟೇ ಬರುವುದು. ಇದನ್ನು 19ನೆಯ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗನು ಪ್ರಚಾರಕ್ಕೆ ತಂದನು. ಕೆರೆಯ ಏರಿಯು ಎಷ್ಟೇ ಎತ್ತರವಾಗಿದ್ದರೂ ನೀರು ನಿಲ್ಲುವುದು ಕೋಡಿಯ ಮಟ್ಟಕ್ಕೇ ಅಲ್ಲವೇ? ಹಾಗೆಯೇ ಹೊಲಕ್ಕೆ ಸಾರಜನಕದ ಗೊಬ್ಬರವನ್ನು ಎಷ್ಟು ಸುರಿದರೂ, ಅಲ್ಲಿ ಕೊರತೆಯಾಗಿರುವುದು ರಂಜಕವೋ ಸತುವೋ ಆಗಿದ್ದರೆ ಹಣವು ವ್ಯರ್ಥವಾಗುವುದು. ಮಣ್ಣನ್ನು ಪರೀಕ್ಷೆಮಾಡಿಸಿದ ಮೇಲೆಯೇ ಗೊಬ್ಬರವನ್ನು ಕೊಳ್ಳಬೇಕೆಂಬುದಕ್ಕೆ ಆಧಾರವಾದ ತತ್ತ್ವವಿದು.

4. ಆಹಾರದ ಸರಪಳಿ

ಬಿಸಿಲಿನ ಶಕ್ತಿಯನ್ನು ಹಿಡಿದು ಆಹಾರವನ್ನು ತಯಾರಿಸಬಲ್ಲುವು ಹಸುರು ಸಸ್ಯಗಳು. ಗದ್ದೆಯಲ್ಲಿ ಬತ್ತ, ಕೆರೆಯಲ್ಲಿ ಪಾಚಿ ಮತ್ತು ಜೊಂಡು ಈ ವರ್ಗಕ್ಕೆ ಸೇರಿದುವು. ಇವು ಉತ್ಪಾದಕಗಳು. ಇವನ್ನು ತಿನ್ನುವ ಜಿಗಿಹುಳು, ಇಲಿ, ದನ ಮೊದಲಾದುವು ಮೊದಲ ಭಕ್ಷಕಗಳು. ಅವನ್ನು ತಿನ್ನುವ ಜೇಡ, ಕಪ್ಪೆಗಳು ಎರಡನೆಯವು. ಕಪ್ಪೆಯನ್ನು ಹಿಡಿಯುವ ಹಾವು ಮೂರನೆಯದು. ಹಾವನ್ನು ಹಿಡಿಯುವ ಗರುಡ ನಾಲ್ಕನೆಯದು. ಇದು ಆಹಾರದ ಸರಪಳಿ. ಹಾವು ಕಪ್ಪೆಯನ್ನಲ್ಲದೆ ಇಲಿಯನ್ನೂ ತಿನ್ನುವುದು, ಇಲಿಯನ್ನು ಗೂಬೆಯೂ ಹಿಡಿಯುವುದು. ಹೀಗೆ ಸರಪಳಿಗಳು ಹೆಣೆದುಕೊಂಡು ಬಲೆಯಾಗುವುವು. ಎಲ್ಲದರ ಕೊನೆಯಲ್ಲಿ, ಸತ್ತುದನ್ನೂ ಸಗಣಿಯನ್ನೂ ಕೊಳೆಯಿಸಿ ಮಣ್ಣಿಗೆ ಹಿಂದಿರುಗಿಸುವ ಶಿಲೀಂಧ್ರ, ಸೂಕ್ಷ್ಮಜೀವಿಗಳಿವೆ. ಇವಿಲ್ಲದಿದ್ದರೆ ತಿಪ್ಪೆಯು ಗೊಬ್ಬರವಾಗುತ್ತಲೇ ಇರಲಿಲ್ಲ.

ಈ ಸರಪಳಿಯಲ್ಲಿ ಒಂದು ಮೆಟ್ಟಿಲಿನಿಂದ ಮತ್ತೊಂದಕ್ಕೆ ಹೋಗುವಾಗ ಬಹುಭಾಗ ಶಕ್ತಿಯು ಉಸಿರಾಟ, ಓಡಾಟ, ಶಾಖಗಳಲ್ಲಿ ವೆಚ್ಚವಾಗುವುದು. ಅಮೆರಿಕದ ರೇಮಂಡ್ ಲಿಂಡೆಮನ್ನನು ಮಿನ್ನೆಸೋಟಾ ಪ್ರಾಂತದ ಒಂದು ಸಣ್ಣ ಕೆರೆಯನ್ನು ಅನೇಕ ವರ್ಷ ಪರಿಶೀಲಿಸಿ, ಶಕ್ತಿಯ ಈ ಲೆಕ್ಕವನ್ನು 1942ರಲ್ಲಿ ಪ್ರಕಟವಾದ ಲೇಖನದಲ್ಲಿ ಮಂಡಿಸಿದನು. ಸ್ಥೂಲವಾಗಿ ಹತ್ತರಲ್ಲೊಂದು ಪಾಲು ಮಾತ್ರ ಮೇಲಕ್ಕೇರುವುದೆಂದು ಹೇಳುವುದು ವಾಡಿಕೆ; ಕೆಲವೆಡೆ ಇದಕ್ಕಿಂತ ಹೆಚ್ಚೂ ಕೆಲವೆಡೆ ಕಡಮೆಯೂ ಇರುವುದು. ಆ ಲೆಕ್ಕದಂತೆ 1,000 ಪಾಲು ಸಸ್ಯದಿಂದ 100 ಪಾಲು ಹುಳು, 100 ಪಾಲು ಹುಳುವಿನಿಂದ 10 ಪಾಲು ಕಪ್ಪೆ, 10 ಪಾಲು ಕಪ್ಪೆಯಿಂದ 1 ಪಾಲು ಹಾವು. ಹುಳುಗಳು ಲಕ್ಷಗಟ್ಟಲೆ ಇರುವಲ್ಲಿ ಹಾವುಗಳು ಬೆರಳೆಣಿಕೆಯಷ್ಟೇ ಇರುವುದು ಇದರಿಂದಲೇ. ಮೇಲಿನ ಮೆಟ್ಟಿಲಿನ ಪ್ರಾಣಿಗಳು ಸಂಖ್ಯೆಯಲ್ಲಿ ಕಡಮೆ; ಅವುಗಳ ಸಂತಾನವೂ ನಿಧಾನ. ಅವನ್ನು ಕೊಲ್ಲುವುದು ಸುಲಭ, ಮತ್ತೆ ಪಡೆಯುವುದು ಕಷ್ಟ. ಹೆಗ್ಗಣದ ಜಾತಿಯ ಗದ್ದೆಯಿಲಿಯಾದರೋ ಸುಮಾರು ಮೂರು ವಾರಗಳಲ್ಲಿಯೇ ಒಂದು ಸೂಲಿಗೆ ಆರೆಂಟು ಮರಿಗಳನ್ನು ಈಯುವುದು. ಕೇರೆಹಾವನ್ನು ಕಂಡಲ್ಲಿ ಬಡಿಯುವ ಊರಿನಲ್ಲಿ ಇಲಿಯ ಕಾಟ ಹೆಚ್ಚಾದರೆ ಆಶ್ಚರ್ಯವೇನು? ಕೇರೆಹಾವಿಗೆ ವಿಷವಿಲ್ಲವೆಂಬುದನ್ನು ಮನೆಯ ಮಕ್ಕಳಿಗೂ ತಿಳಿಸಬೇಕು. ಆದರೆ ಗುರುತು ಖಚಿತವಾಗದ ಯಾವ ಹಾವಿನ ಸಮೀಪಕ್ಕೂ ಹೋಗಬಾರದು.

5. ಪದಾರ್ಥಗಳ ಚಕ್ರ

ಶಕ್ತಿಯು ಒಮ್ಮೆ ವೆಚ್ಚವಾದರೆ ಹಿಂದಿರುಗದು. ಸಾರಜನಕ, ರಂಜಕ ಮೊದಲಾದ ಪದಾರ್ಥಗಳಾದರೋ ಸುತ್ತುತ್ತಿರುವುವು. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಸಾರಜನಕವಿದ್ದರೂ ಗಿಡಗಳು ಅದನ್ನು ನೇರವಾಗಿ ತೆಗೆದುಕೊಳ್ಳಲಾರವು. ಅವರೆ, ತೊಗರಿ, ಹುರುಳಿ, ಸೆಣಬುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಗಿಡಕ್ಕೊದಗುವಂತೆ ಮಾರ್ಪಡಿಸುವುವೆಂಬುದು 1880ರ ದಶಕದಲ್ಲಿ ಯೂರೋಪಿನಲ್ಲಿ ಸ್ಥಿರಪಟ್ಟಿತು. ರಾಗಿಯ ಹೊಲದಲ್ಲಿ ಅವರೆ ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತುವ ಪದ್ಧತಿಯು ಅದಕ್ಕೂ ಹಿಂದಿನದು. ಹೊಂಗೆಯೂ ಇದೇ ಕುಟುಂಬದ ಮರವಾದುದರಿಂದ ಅದರ ಸೊಪ್ಪು ಗದ್ದೆಗೆ ಉತ್ತಮ ಗೊಬ್ಬರ.

ಮಳೆಯ ನೀರು ಮೇಲುಹೊಲಗಳ ಸತ್ವಯುತವಾದ ಮಣ್ಣನ್ನು ಕೊಚ್ಚಿ ತಂದು ಕೆರೆಯಲ್ಲಿ ನಿಲ್ಲಿಸುವುದು. ಬೇಸಗೆಯಲ್ಲಿ ಆ ಗೋಡನ್ನು ಗಾಡಿಗಳಲ್ಲಿ ಹೊಡೆದು ಹೊಲಕ್ಕೆ ಹರಡಿದ ಹಿರಿಯರು ಕೆರೆಯ ಆಳವನ್ನೂ ಹೊಲದ ಸಾರವನ್ನೂ ಒಟ್ಟಿಗೇ ಉಳಿಸಿದರು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಈ ಚಕ್ರವು ಇನ್ನೂ ಸ್ಫುಟವಾಗಿ ಕಾಣುವುದು. ಅಲ್ಲಿ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಣ ಹುಣಿಸೆ ಮೊದಲಾದ ಮರಗಳಲ್ಲಿ ಗೂಡುಕಟ್ಟುವುವು. ಸುತ್ತಣ ಕೆರೆ ಹೊಳೆಗಳ ಮೀನನ್ನು ತಿಂದ ಆ ಹಕ್ಕಿಗಳ ಹಿಕ್ಕೆಯನ್ನು ಗ್ರಾಮಸ್ಥರು ಗೊಬ್ಬರವಾಗಿ ಬಳಸುವ ರೂಢಿಯುಂಟು. ನೀರಿನ ಸಾರವು ಮೀನಿಗೆ, ಮೀನಿನಿಂದ ಹಕ್ಕಿಗೆ, ಹಕ್ಕಿಯಿಂದ ಹೊಲಕ್ಕೆ ಬಂದಂತಾಯಿತು. 2007ರಲ್ಲಿ ಆ ಸ್ಥಳವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಚಕ್ರವು ಒಂದೆಡೆ ಕಟ್ಟಿನಿಂತರೆ ಸಾರವೇ ವಿಷವಾಗುವುದು. ಹೊಲದಿಂದ ಹರಿದ ರಾಸಾಯನಿಕ ಗೊಬ್ಬರವೂ ಊರಿನ ಚರಂಡಿಯೂ ಕೆರೆಗೆ ಬಿದ್ದರೆ ಪಾಚಿಯೂ ಅಂತರಗಂಗೆಯೂ ನೀರನ್ನು ಮುಚ್ಚುವುವು. ಅವು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವು ತೀರಿ ಮೀನುಗಳು ಉಸಿರುಗಟ್ಟಿ ಸಾಯುವುವು. ಬೆಂಗಳೂರಿನ ಚರಂಡಿ ನೀರೂ ಕಾರ್ಖಾನೆಗಳ ಕಲ್ಮಶವೂ ಸೇರಿದ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆಗೆ ಬೆಂಕಿಯೇ ಹತ್ತಿತು.

6. ಸಮತೋಲ ಕೆಟ್ಟ ನಿದರ್ಶನಗಳು

ಪಾಪಸ್ಕಳ್ಳಿ. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಗಳ್ಳಿಗೆ ಈ ದೇಶದಲ್ಲಿ ಸ್ವಾಭಾವಿಕ ಶತ್ರುವಿರಲಿಲ್ಲವಾದುದರಿಂದ ದಕ್ಷಿಣ ಭಾರತದಲ್ಲಿ ಅದು ವಿಸ್ತಾರವಾದ ಭೂಮಿಯನ್ನು ಆಕ್ರಮಿಸಿತು. 1795ರಲ್ಲಿ ಕೆಂಪು ಬಣ್ಣವನ್ನು ತೆಗೆಯುವುದಕ್ಕಾಗಿ ಬ್ರೆಜಿಲ್ ದೇಶದಿಂದ ಒಂದು ಹಿಟ್ಟುಹುಳುವನ್ನು ತಂದರು. ಅದು ಬಣ್ಣದ ನಿಜವಾದ ಹುಳುವಾಗಿರದೆ ಬೇರೊಂದು ಜಾತಿಯದಾಗಿತ್ತು. ಆದರೂ ಒಂದು ಜಾತಿಯ ಕಳ್ಳಿಯನ್ನು ಅದು ನಾಶಮಾಡಿದುದನ್ನು ಕಂಡು, 1836ರಿಂದ 1838ರ ಅವಧಿಯಲ್ಲಿ ಅದನ್ನು ದಕ್ಷಿಣಕ್ಕೂ ತಂದರು. ಬೇರೆ ಜಾತಿಯ ಕಳ್ಳಿಗಳನ್ನು ಮಾತ್ರ ಅದು ಮುಟ್ಟಲಿಲ್ಲ. 1926ರಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಹಿಟ್ಟುಹುಳುವನ್ನು ತರಿಸಿದ ಮೇಲೆ, ಉಳಿದ ಕಳ್ಳಿಯು ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ಕರಗಿಹೋಯಿತು. ಆ ಹುಳುವಿನ ವೃತ್ತಿಯು ಕಳ್ಳಿಯೊಂದನ್ನೇ ತಿನ್ನುವುದಾಗಿದ್ದುದರಿಂದ ಪೈರಿಗೆ ಅಪಾಯವಾಗಲಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವು ಆಸ್ಟ್ರೇಲಿಯದ್ದು. ಕಬ್ಬಿನ ದುಂಬಿಯನ್ನು ನಾಶಪಡಿಸಲೆಂದು 1935ರಲ್ಲಿ ಅಲ್ಲಿನ ಕ್ವೀನ್ಸ್‌ಲೆಂಡಿಗೆ ಒಂದು ಜಾತಿಯ ದೊಡ್ಡ ನೆಲಗಪ್ಪೆಯನ್ನು ತಂದರು. ಅದು ದುಂಬಿಯನ್ನು ಹತೋಟಿಗೆ ತರಲಿಲ್ಲ. ಕಂಡುದನ್ನೆಲ್ಲ ತಿಂದು ಬೆಳೆದು, ತನ್ನ ಮೈಯ ವಿಷದಿಂದ ತನ್ನನ್ನು ತಿಂದ ಹಾವು ಉಡಗಳನ್ನು ಕೊಂದು, ತಾನೇ ದೊಡ್ಡ ಪೀಡೆಯಾಯಿತು. ಹೊಸ ಜೀವಿಯನ್ನು ತರುವ ಮೊದಲು ಅದರ ವೃತ್ತಿಯನ್ನು ಪರೀಕ್ಷಿಸಬೇಕೆಂಬ ಪಾಠವು ಈ ಎರಡರಿಂದಲೂ ದೊರೆಯುವುದು.

ಕಂದು ಜಿಗಿಹುಳು. ಬತ್ತದ ಬುಡದಲ್ಲಿ ರಸಹೀರುವ ಈ ಹುಳು ಹೆಚ್ಚಾದರೆ ಗದ್ದೆಯು ಅಲ್ಲಲ್ಲಿ ಸುಟ್ಟಂತೆ ಒಣಗುವುದು. ಇದು ತನ್ನ ಮೊಟ್ಟೆಗಳನ್ನು ಗಿಡದ ಅಂಗಾಂಶದೊಳಗೆ ಇಡುವುದರಿಂದ ಔಷಧಿಯು ಅವನ್ನು ಮುಟ್ಟದು. ಔಷಧಿಯಿಂದ ಸಾಯುವುವು ಹುಳುವನ್ನು ತಿನ್ನುವ ಜೇಡಗಳೂ, ಮೊಟ್ಟೆಯನ್ನು ಹೀರುವ ಹಸುರು ತಿಗಣೆಗಳೂ. ಮುಂದೆ ಮೊಟ್ಟೆಯೊಡೆದು ಬಂದ ಮರಿಗಳಿಗೆ ಗದ್ದೆಯಲ್ಲಿ ಶತ್ರುವೇ ಇರುವುದಿಲ್ಲ. ರೈತನು ಮತ್ತೆ ಸಿಂಪಡಿಸುವನು, ಹುಳು ಮತ್ತಷ್ಟು ಹೆಚ್ಚುವುದು. ಇಂಡೊನೇಷಿಯ ದೇಶದಲ್ಲಿ ಈ ಪೀಡೆಯು ವಿಪರೀತವಾದುದರಿಂದ 1986ರಲ್ಲಿ ಅಲ್ಲಿನ ಸರ್ಕಾರವು ಬತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ಬಳಸಕೂಡದೆಂದು ಆಜ್ಞೆಮಾಡಿ, ರೈತರಿಗೆ ಗದ್ದೆಯಲ್ಲಿಯೇ ಮಿತ್ರಕೀಟಗಳನ್ನು ಗುರುತಿಸುವ ಶಿಕ್ಷಣವನ್ನು ಏರ್ಪಡಿಸಿತು. ಔಷಧಿಯ ವೆಚ್ಚ ಇಳಿಯಿತು, ಇಳುವರಿ ಇಳಿಯಲಿಲ್ಲ.

ಕಪ್ಪೆ. ಹೊರದೇಶಗಳಿಗೆ ಕಾಲುಗಳನ್ನು ರಫ್ತುಮಾಡುವುದಕ್ಕಾಗಿ ಈ ದೇಶದಲ್ಲಿ ಕಪ್ಪೆಗಳನ್ನು ಹೇರಳವಾಗಿ ಹಿಡಿಯುತ್ತಿದ್ದರು. ಹುಳು ತಿನ್ನುವ ಪ್ರಾಣಿಯನ್ನು ಮಾರಿ ಹುಳುವಿನ ಔಷಧಿಯನ್ನು ಕೊಳ್ಳುವ ಈ ವ್ಯಾಪಾರವು 1987ರಲ್ಲಿ ನಿಷೇಧಿಸಲ್ಪಟ್ಟಿತು.

ರಣಹದ್ದು. ಸತ್ತ ದನವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿದ್ದ ಈ ಹಕ್ಕಿಗಳು 1990ರ ದಶಕದಿಂದ ಕಾಣೆಯಾಗತೊಡಗಿದುವು. ಬಿಳಿಬೆನ್ನಿನ ಜಾತಿಯು 1992ರಿಂದ 2007ರೊಳಗೆ ಭಾರತದಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಭಾಗ ನಾಶವಾಯಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿಯು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದಿನ ಮೂತ್ರಪಿಂಡಗಳನ್ನು ಕೆಡಿಸುವುದೆಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ತಡೆಯಲು ಸರ್ಕಾರವು ಕ್ರಮ ಕೈಗೊಂಡಿತು. 2023ರಲ್ಲಿ ಕಿಟೊಪ್ರೊಫೆನ್, ಅಸಿಕ್ಲೊಫೆನಾಕ್ ಎಂಬ ಔಷಧಿಗಳನ್ನೂ ಪಶುಗಳಿಗೆ ನಿಷೇಧಿಸಿತು. ಹದ್ದಿಲ್ಲದ ಊರಬಯಲಿನಲ್ಲಿ ಹೆಣಗಳು ಕೊಳೆತುವು. ಅವು ಬೀದಿನಾಯಿಗಳಿಗೆ ಆಹಾರವಾದುವು. ನಾಯಿಗಳು ಹೆಚ್ಚಿದಲ್ಲಿ ಹುಚ್ಚುನಾಯಿ ಕಡಿತದ ಭಯವೂ ಹೆಚ್ಚುವುದು. ದನದ ನೋವಿಗೆ ಕೊಟ್ಟ ಔಷಧಿಯು ಕಡೆಗೆ ಮನುಷ್ಯನ ಮಕ್ಕಳವರೆಗೆ ಮುಟ್ಟಿದ ಬಗೆ ಇದು. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದುಗಳಿಗಾಗಿ ವನ್ಯಧಾಮವು ಏರ್ಪಟ್ಟಿತು.

7. ಗ್ರಾಮಸ್ಥರು ಅನುಸರಿಸತಕ್ಕ ಅಂಶಗಳು

ಒಬ್ಬ ರೈತನು ತನ್ನ ಹೊಲದ ಬದುವಿನವರೆಗೆ ಮಾತ್ರ ಅಧಿಕಾರವುಳ್ಳವನು. ಹಕ್ಕಿಗೂ ನೀರಿಗೂ ಹುಳುವಿಗೂ ಆ ಬದು ಇಲ್ಲ. ಆದುದರಿಂದ ಈ ಕೆಳಗಿನವುಗಳಲ್ಲಿ ಕೆಲವನ್ನು ಪ್ರತಿಯೊಬ್ಬ ಹಿಡುವಳಿದಾರನೂ, ಉಳಿದುವನ್ನು ಊರೆಲ್ಲ ಸೇರಿ ಮುಖಂಡರ ನೇತೃತ್ವದಲ್ಲಿಯೂ ನಡೆಸತಕ್ಕದ್ದು.

(1) ಕೆರೆಗೆ ನೀರು ತರುವ ಕಾಲುವೆಗಳನ್ನೂ ಕೆರೆಯ ಅಂಗಳವನ್ನೂ ಒತ್ತುವರಿಮಾಡಲು ಬಿಡಬಾರದು. ಮಳೆಗಾಲಕ್ಕೆ ಮೊದಲು ಕಾಲುವೆಗಳ ಹೂಳನ್ನು ತೆಗೆಯಬೇಕು. ಒಂದೇ ಹಳ್ಳದ ಮೇಲೂರು ಕೆಳಊರುಗಳವರು ಕೂಡಿ ಮಾತನಾಡಿ ಈ ಕೆಲಸವನ್ನು ನಿರ್ಧರಿಸುವುದು ಉತ್ತಮ.

(2) ಬೇಸಗೆಯಲ್ಲಿ ಕೆರೆಯ ಗೋಡನ್ನು ಪರೀಕ್ಷಿಸಿ ಹೊಲಗಳಿಗೆ ಹೊಡೆಯಬೇಕು. ಪಟ್ಟಣದ ಇಲ್ಲವೆ ಕಾರ್ಖಾನೆಯ ಕೊಳಚೆ ಸೇರಿದ ಕೆರೆಯ ಗೋಡನ್ನು ಬಳಸಬಾರದು.

(3) ಊರಿನ ಚರಂಡಿಯು ನೇರವಾಗಿ ಕೆರೆಗೆ ಬೀಳದಂತೆ ನೋಡಿಕೊಳ್ಳಬೇಕು. ಅಂತರಗಂಗೆಯು ಕಾಣಿಸಿಕೊಂಡೊಡನೆ, ಹರಡುವುದಕ್ಕೆ ಮೊದಲೇ ಕಿತ್ತುಹಾಕಬೇಕು.

(4) ಗುಂಡುತೋಪು, ಬೇಲಿ, ಹಳ್ಳದಂಚಿನ ಮರಗಳು ಗೂಬೆಗೂ ಜೇನಿಗೂ ಹುಳು ತಿನ್ನುವ ಹಕ್ಕಿಗಳಿಗೂ ವಾಸಸ್ಥಾನ. ಅವನ್ನು ಕಡಿಯದೆ ಹೊಂಗೆ, ಬೇವು, ಹಿಪ್ಪೆಗಳನ್ನು ನೆಡಬೇಕು.

(5) ಗದ್ದೆಯಲ್ಲಿ ಅಲ್ಲಲ್ಲಿ ಕವೆಗೋಲುಗಳನ್ನು ನೆಟ್ಟರೆ ಹಗಲು ಹಕ್ಕಿಗಳೂ ಇರುಳು ಗೂಬೆಗಳೂ ಕುಳಿತು ಬೇಟೆಯಾಡುವುವು. ಹಾಲುಗಟ್ಟುವ ಹೊತ್ತಿಗೆ ಕಾಳು ತಿನ್ನುವ ಹಕ್ಕಿಗಳು ಬಾರದಂತೆ ಅವನ್ನು ತೆಗೆದುಬಿಡಬೇಕು.

(6) ಹುಳುವನ್ನು ಕಂಡೊಡನೆ ಔಷಧಿಗೆ ಕೈಹಾಕಬಾರದು. ಗದ್ದೆಗಿಳಿದು ಹತ್ತಿಪ್ಪತ್ತು ಗುಣಿಗಳ ಬುಡವನ್ನು ನೋಡಿ, ಹುಳುವೆಷ್ಟು, ಜೇಡ ತಿಗಣೆಗಳೆಷ್ಟು ಎಂದು ಎಣಿಸಿ, ಕೃಷಿ ಅಧಿಕಾರಿಗಳೊಡನೆ ವಿಚಾರಿಸಿದ ಬಳಿಕವೇ ನಿರ್ಧರಿಸಬೇಕು.

(7) ದನಗಳ ನೋವಿಗೆ ಡೈಕ್ಲೊಫೆನಾಕ್ ಕೊಡಿಸಬಾರದು. ಹದ್ದುಗಳಿಗೆ ಹಾನಿಯಿಲ್ಲದ ಮೆಲೊಕ್ಸಿಕಾಮ್ ದೊರೆಯುವುದೆಂಬುದನ್ನು ಪಶುವೈದ್ಯರಲ್ಲಿ ಕೇಳಿ ತಿಳಿಯಬೇಕು.

(8) ಪರಿಚಯವಿಲ್ಲದ ಮೀನು, ಗಿಡ, ಪ್ರಾಣಿಗಳನ್ನು ಇಲಾಖೆಯ ಸಲಹೆಯಿಲ್ಲದೆ ಕೆರೆಗಾಗಲಿ ಹೊಲಕ್ಕಾಗಲಿ ತರಬಾರದು.

ಕೆರೆಯನ್ನು ಕಟ್ಟಿದವರು ನೀರನ್ನು ಮಾತ್ರ ಕಟ್ಟಲಿಲ್ಲ. ಆ ನೀರಿನೊಡನೆ ಮೀನು, ಕಪ್ಪೆ, ಹಕ್ಕಿ, ಜೊಂಡು, ಗೋಡು, ಗದ್ದೆ ಇವುಗಳ ಒಂದು ಸಂಸಾರವೇ ನೆಲೆಗೊಂಡಿತು. ಆ ಸಂಸಾರದ ಆದಾಯ ವೆಚ್ಚಗಳ ಲೆಕ್ಕವನ್ನು ಬರೆದಿಡುವ ಶಾನುಭೋಗರಿಲ್ಲ; ತಪ್ಪಿದ ಲೆಕ್ಕವಾದರೋ ಬತ್ತಿದ ಬಾವಿಯಾಗಿ, ಸುಟ್ಟ ಪೈರಾಗಿ, ಇಲಿ ತಿಂದ ಕಣಜವಾಗಿ ತಾನೇ ತೋರುವುದು. ಅದು ತೋರುವವರೆಗೆ ಕಾಯದೆ, ವರ್ಷಕ್ಕೊಮ್ಮೆಯಾದರೂ ಊರಿನವರೆಲ್ಲ ಕೆರೆಯ ಏರಿಯ ಮೇಲೆ ನಡೆದು, ಏನು ಹೆಚ್ಚಿದೆ ಏನು ಕಡಮೆಯಾಗಿದೆ ಎಂದು ನೋಡಿಕೊಂಡರೆ, ಮಾಡತಕ್ಕ ಕೆಲಸವು ಅಲ್ಲಿಯೇ ಗೊತ್ತಾಗುವುದು.